ಶ್ರೀಲಂಕೆ ದಿವಾಳಿ ಎದ್ದದ್ದು ಹೇಗೆ, ನಮಗೂ ಆ ಗತಿ ಬಂದೀತೇ?

ಪ್ರಶ್ನೆ: ಮಾನ್ಯರೇ, ಡೊಂಬಿವಲಿಯಲ್ಲಿ ನನ್ನದೊಂದು ಚಿಕ್ಕ ಉಪಾಹಾರಗೃಹವಿದೆ. 2018ರಲ್ಲಿ ಮನೆಮಂದಿಯೆಲ್ಲ ಶ್ರೀಲಂಕೆಗೆ ಹೋಗಿ ಬಂದಿದ್ದೆವು. ಚೊಕ್ಕಟವಾದ ರಸ್ತೆಗಳು, ಬಿಳಿ ಸಮವಸ್ತ್ರ ತೊಟ್ಟು ಶಾಲೆಗೆ ಹೋಗುವ ಮಕ್ಕಳು, ಎಲ್ಲಿ ನೋಡಿದರೂ ಪ್ರವಾಸಿಗರು. ಅಂಥ ದೇಶ ನಾಲ್ಕೇ ವರ್ಷದಲ್ಲಿ ಪೆಟ್ರೋಲಿಗೂ ಗತಿಯಿಲ್ಲದೆ ದಿವಾಳಿ ಎದ್ದದ್ದು ಹೇಗೆ? ನೋಟು ಅಚ್ಚು ಹಾಕುವ ಅಧಿಕಾರ ಕೈಯಲ್ಲೇ ಇರುವ ಸರ್ಕಾರಕ್ಕೆ ಹಣ ಸಾಲದೆ ಹೋಗುವುದೆಂದರೇನು? ಚೀನಾದ ಸಾಲ ಕಾರಣ ಎಂದು ಕೆಲವರು, ಸಾವಯವ ಕೃಷಿ ಕಾರಣ ಎಂದು ಕೆಲವರು, ಪುಕ್ಕಟೆ ಹಂಚಿಕೆ ಕಾರಣ ಎಂದು ಇನ್ನು ಕೆಲವರು ನನ್ನ ಗಲ್ಲಾದ ಮುಂದೆ ನಿಂತು ವಾದಿಸುತ್ತಾರೆ. ಈಗ ಹೆಂಗಸರಿಗೆ ತಿಂಗಳ ಹಣ ಕೊಡುವ ಯೋಜನೆಗಳು: ಇಲ್ಲಿ ಮಹಾರಾಷ್ಟ್ರದಲ್ಲಿ ಲಾಡ್ಕಿ ಬಹೀಣ್, ಊರಿನ ಕಡೆ ಕರ್ನಾಟಕದಲ್ಲಿ ಗೃಹಲಕ್ಷ್ಮಿ. ನಮಗೂ ಅದೇ ಗತಿ ಬಂದೀತೇ? ಬ್ಯಾಂಕಿನ ನಿಶ್ಚಿತ ಠೇವಣಿ ಮುರಿಸಿ ಚಿನ್ನ ಕೊಳ್ಳೋಣವೆಂದು ಮಗ ಹಟ ಹಿಡಿದಿದ್ದಾನೆ. ದಯವಿಟ್ಟು ತಿಳಿಸಿಕೊಡಿ.

ಉತ್ತರ: ನೀವು ಹಲವು ಪ್ರಶ್ನೆಗಳನ್ನು ಒಟ್ಟಿಗೆ ಕೇಳಿದ್ದೀರಿ. ಅವುಗಳಲ್ಲಿ ನೋಟು ಅಚ್ಚು ಹಾಕುವ ಪ್ರಶ್ನೆ ಬಿಡಿಸಿಕೊಂಡರೆ ಉಳಿದವು ತಾವಾಗಿಯೇ ಸಡಿಲವಾಗುತ್ತವೆ, ಆದ್ದರಿಂದ ಅಲ್ಲಿಂದಲೇ ಆರಂಭಿಸುತ್ತೇನೆ.

ಮುಂಬಯಿಯ ಹಳೆಯ ಹೋಟೆಲುಗಳಲ್ಲಿ ತಿಂಗಳ ಊಟಕ್ಕೆ ಮುಂಗಡ ಕೊಟ್ಟವರಿಗೆ ಕೂಪನ್ ಪುಸ್ತಕ ಕೊಡುವ ರೂಢಿಯಿತ್ತು. ಮಾಟುಂಗಾದಲ್ಲಿ ಒಂಟಿಯಾಗಿದ್ದ ದಿನಗಳಲ್ಲಿ ನಾನೂ ಅಂಥ ಪುಸ್ತಕದ ಮೇಲೆಯೇ ಉಂಡವನು. ಆ ಕೂಪನ್ನು ನಿಮ್ಮ ಹೋಟೆಲಿನ ಬಾಗಿಲಿನೊಳಗೆ ಹಣವೇ. ಬೇಕಾದಷ್ಟು ಅಚ್ಚು ಹಾಕಿಸಿಕೊಳ್ಳುವ ಹಕ್ಕು ನಿಮಗಿದೆ, ಅದನ್ನು ಯಾರೂ ಪ್ರಶ್ನಿಸುವಂತಿಲ್ಲ. ಆದರೆ ಗ್ಯಾಸ್ ಸಿಲಿಂಡರ್ ಇಳಿಸಿದ ಏಜೆಂಟನಿಗೆ ಕೂಪನ್ ಕೊಡಹೋದರೆ ಅವನು ಸಿಲಿಂಡರನ್ನು ವಾಪಸು ಟೆಂಪೋಗೆ ಏರಿಸುತ್ತಾನೆ. ಶ್ರೀಲಂಕೆಯ ರೂಪಾಯಿ ಶ್ರೀಲಂಕೆಯ ಕೂಪನ್. ಆ ದೇಶಕ್ಕೆ ಬೇಕಾದ ಕಚ್ಚಾ ತೈಲ, ಅಡುಗೆ ಅನಿಲ, ಔಷಧ, ಗೋಧಿ, ಹಾಲಿನ ಪುಡಿ ಎಲ್ಲವೂ ಹಡಗಿನಲ್ಲಿ ಬರಬೇಕು, ಹಡಗಿನವರು ಕೇಳುವುದು ಡಾಲರ್. ಇದರ ಮೇಲೆ ಸರ್ಕಾರದ ಸಾಲದಲ್ಲಿ ಹೆಚ್ಚುಕಡಿಮೆ ಅರ್ಧ ಭಾಗ ಕೂಡ ವಿದೇಶಿ ನಾಣ್ಯದಲ್ಲೇ ಇತ್ತು. ಕೊಲಂಬೊದ ಮುದ್ರಣಾಲಯ ಹಗಲಿರುಳು ದುಡಿದರೂ ಅಲ್ಲಿಂದ ಒಂದು ಡಾಲರ್ ಹೊರಬರುವಂತಿರಲಿಲ್ಲ.

ಆದ್ದರಿಂದ ಒಂದು ಸರ್ಕಾರಕ್ಕೆ ಎರಡು ಗಲ್ಲಾಪೆಟ್ಟಿಗೆಗಳಿವೆ ಎಂದು ತಿಳಿಯಿರಿ. ಒಂದರಲ್ಲಿ ಸ್ವಂತ ನಾಣ್ಯ, ಅದು ತುಂಬುವುದು ತೆರಿಗೆಯಿಂದ ಮತ್ತು ದೇಶದೊಳಗಿನ ಸಾಲದಿಂದ. ಇನ್ನೊಂದರಲ್ಲಿ ವಿದೇಶಿ ನಾಣ್ಯ, ಅದು ತುಂಬುವುದು ರಫ್ತಿನಿಂದ, ಪ್ರವಾಸಿಗರಿಂದ, ಹೊರದೇಶದಲ್ಲಿ ದುಡಿಯುವವರು ಮನೆಗೆ ಕಳಿಸುವ ಹಣದಿಂದ, ಮತ್ತು ಹೊರಗಿನ ಸಾಲದಿಂದ. ಶ್ರೀಲಂಕೆಯಲ್ಲಿ ಎರಡೂ ಪೆಟ್ಟಿಗೆಗಳು ಒಂದೇ ಸಮಯಕ್ಕೆ ಬರಿದಾದವು. ಡಾಲರಿನ ಪೆಟ್ಟಿಗೆಗೆ ವಿಧಿಯ ಹೊಡೆತವೂ ಬಿದ್ದಿತ್ತು ಎಂದು ಒಪ್ಪಬಹುದು. ರೂಪಾಯಿಯ ಪೆಟ್ಟಿಗೆಯನ್ನು ಮಾತ್ರ ಸರ್ಕಾರ ತನ್ನ ಕೈಯಾರೆ ಒಡೆದುಕೊಂಡಿತು, ಮತ್ತು ನನ್ನ ದೃಷ್ಟಿಯಲ್ಲಿ ಇಡೀ ದುರಂತದ ಮೂಲ ಅಲ್ಲಿದೆ.

ಚಹಾ, ಸಿದ್ಧ ಉಡುಪು, ಪ್ರವಾಸೋದ್ಯಮ, ಕೊಲ್ಲಿ ದೇಶಗಳಲ್ಲಿ ದುಡಿಯುವವರ ಹಣ, ಇವೇ ಆ ದ್ವೀಪದ ಡಾಲರ್ ಸಂಪಾದನೆಯ ಮುಖ್ಯ ಆಧಾರ. ಗಳಿಸುವುದಕ್ಕಿಂತ ತುಸು ಹೆಚ್ಚು ಖರ್ಚು ಮಾಡುವುದು ಹಿಂದಿನಿಂದ ಬಂದ ಅಭ್ಯಾಸವಾಗಿತ್ತು. 2022ರ ಮೊದಲು ಅದು 16 ಬಾರಿ ಅಂತಾರಾಷ್ಟ್ರೀಯ ಹಣಕಾಸು ನಿಧಿಯ ಬಾಗಿಲು ತಟ್ಟಿತ್ತು. ಬಡ ದೇಶವಾಗಿದ್ದ ಕಾಲದಲ್ಲಿ ವಿಶ್ವಬ್ಯಾಂಕ್, ಏಷ್ಯನ್ ಅಭಿವೃದ್ಧಿ ಬ್ಯಾಂಕ್, ಜಪಾನ್ ಮುಂತಾದವರಿಂದ ದೀರ್ಘಾವಧಿಯ ಅಗ್ಗದ ಸಾಲ ಸಿಗುತ್ತಿತ್ತು. ತಲಾ ವರಮಾನ ಏರಿ ಮಧ್ಯಮ ವರಮಾನದ ದೇಶವೆನಿಸಿಕೊಂಡ ಮೇಲೆ ಆ ಸೌಲಭ್ಯ ಕಡಿಮೆಯಾಯಿತು. ಆಗ ಸರ್ಕಾರ ಖಾಸಗಿ ಮಾರುಕಟ್ಟೆಗೆ ಹೋಯಿತು. 2007ರಲ್ಲಿ ಮೊದಲ ಬಾರಿಗೆ 50 ಕೋಟಿ ಡಾಲರಿನ ಬಾಂಡ್, ಎಂದರೆ ಮಾರುಕಟ್ಟೆಯಲ್ಲಿ ಮಾರುವ ಸಾಲಪತ್ರ, ಬಿಡುಗಡೆಯಾಯಿತು, ಬಡ್ಡಿ ಶೇ. 8.25, ಅವಧಿ ಐದು ವರ್ಷ. ಮುಂದಿನ ಹನ್ನೆರಡು ವರ್ಷಗಳಲ್ಲಿ ಇಂಥ ಬಾಂಡುಗಳು ಒಂದರ ಮೇಲೊಂದು ಬಂದವು.

ಈ ಬಾಂಡಿನ ಸ್ವಭಾವವನ್ನು ನೀವು ಗಮನಿಸಬೇಕು. ನಿಮ್ಮ ಹೋಟೆಲಿನ ಗ್ರೈಂಡರಿಗೆ ತೆಗೆದ ಸಾಲದಲ್ಲಿ ಪ್ರತಿ ತಿಂಗಳೂ ಬಡ್ಡಿಯ ಜೊತೆಗೆ ಅಸಲೂ ಸ್ವಲ್ಪ ಸ್ವಲ್ಪ ಕರಗುತ್ತದೆ. ಬಾಂಡಿನಲ್ಲಿ ಹಾಗಲ್ಲ. ವರ್ಷಕ್ಕೆರಡು ಬಾರಿ ಬಡ್ಡಿ ಕೊಡುತ್ತ ಹೋಗಬೇಕು, ಕೊನೆಯ ದಿನ ಇಡೀ ಅಸಲನ್ನು ಒಂದೇ ಗಂಟಿನಲ್ಲಿ ಇಡಬೇಕು. ಯಾವ ಬಡ ದೇಶದ ಬಳಿಯೂ ಆ ಗಂಟು ಕಾದಿಟ್ಟಿರುವುದಿಲ್ಲ. ಹೊಸ ಬಾಂಡ್ ಮಾರಿ ಹಳೆಯದನ್ನು ತೀರಿಸುವುದು ಎಲ್ಲರೂ ಅನುಸರಿಸುವ ಮಾರ್ಗ. ಹೊಸ ಸಾಲ ಕೊಡುವವನ ವಿಶ್ವಾಸ ಉಳಿದಿರುವ ತನಕ ಇದು ಸುಸೂತ್ರವಾಗಿ ನಡೆಯುತ್ತದೆ, ವಿಶ್ವಾಸ ಹೋದ ದಿನ ನಿಲ್ಲುತ್ತದೆ.

ಅಂಥ ವಿಶ್ವಾಸವನ್ನು ಕೆಡಿಸಿದ್ದು 2019ರ ವರ್ಷ. ಏಪ್ರಿಲ್ 21ರ ಈಸ್ಟರ್ ಭಾನುವಾರ ಚರ್ಚುಗಳಲ್ಲೂ ಹೋಟೆಲುಗಳಲ್ಲೂ ಬಾಂಬುಗಳು ಸಿಡಿದವು, ಪ್ರವಾಸಿಗರು ದೂರವಾದರು. ನವೆಂಬರಿನಲ್ಲಿ ಗೋಟಾಬಯ ರಾಜಪಕ್ಸೆ ಅಧ್ಯಕ್ಷರಾದರು. ಚುನಾವಣೆಯಲ್ಲಿ ಕೊಟ್ಟ ಮಾತಿನಂತೆ ಡಿಸೆಂಬರ್ 1ರಿಂದ ಮೌಲ್ಯವರ್ಧಿತ ತೆರಿಗೆಯನ್ನು ಶೇ. 15ರಿಂದ ಶೇ. 8ಕ್ಕೆ ಇಳಿಸಲಾಯಿತು. ವರ್ಷಕ್ಕೆ 1.2 ಕೋಟಿ ರೂಪಾಯಿ ವಹಿವಾಟು ಮಾಡುವವರು ಈ ತೆರಿಗೆಗೆ ನೋಂದಾಯಿಸಿಕೊಳ್ಳಬೇಕಿದ್ದ ಮಿತಿಯನ್ನು ಒಮ್ಮೆಲೇ 30 ಕೋಟಿಗೆ ಏರಿಸಲಾಯಿತು. ಸಂಬಳದಿಂದಲೇ ತೆರಿಗೆ ಮುರಿದುಕೊಳ್ಳುವ ಪದ್ಧತಿ ರದ್ದಾಯಿತು. ರಾಷ್ಟ್ರ ನಿರ್ಮಾಣ ತೆರಿಗೆ ಎಂಬ ಇನ್ನೊಂದು ತೆರಿಗೆಯೂ ಹೋಯಿತು. ವ್ಯಾಪಾರಿಯಾದ ನಿಮಗೆ ಇದರ ಅರ್ಥ ಬೇಗ ತಿಳಿಯುತ್ತದೆ: ದರ ಇಳಿದದ್ದು ಒಂದು ಕಡೆ, ತೆರಿಗೆಯ ಪುಸ್ತಕದಿಂದಲೇ ಹೆಸರುಗಳು ಅಳಿಸಿಹೋದದ್ದು ಇನ್ನೊಂದು ಕಡೆ. ದರವನ್ನು ಮತ್ತೆ ಏರಿಸುವುದು ಒಂದು ರಾತ್ರಿಯ ಕೆಲಸ. ಪುಸ್ತಕದಿಂದ ಹೊರಗೆ ಹೋದವನನ್ನು ಮರಳಿ ಕರೆತರಲು ವರ್ಷಗಳು ಬೇಕು.

ರಾಷ್ಟ್ರೀಯ ವರಮಾನದ ಪ್ರತಿ ನೂರು ರೂಪಾಯಿಯಲ್ಲಿ 2019ರಲ್ಲಿ ಹನ್ನೊಂದಕ್ಕಿಂತ ಹೆಚ್ಚು ರೂಪಾಯಿ ತೆರಿಗೆಯಾಗಿ ಬರುತ್ತಿದ್ದದ್ದು 2020ರಲ್ಲಿ ಎಂಟರ ಆಸುಪಾಸಿಗೆ ಕುಸಿಯಿತು. ಹನ್ನೊಂದೇ ಬಹಳ ಕಡಿಮೆ. ಎಂಟು ಎಂದರೆ ಬಡ್ಡಿ ಕೊಟ್ಟ ಮೇಲೆ ಶಾಲೆ, ಆಸ್ಪತ್ರೆ, ಪಿಂಚಣಿಗೆ ಬಹುತೇಕ ಏನೂ ಉಳಿಯದ ಸ್ಥಿತಿ. 2020 ಮತ್ತು 2021ರಲ್ಲಿ ಸರ್ಕಾರದ ಆದಾಯದ ನೂರರಲ್ಲಿ ಎಪ್ಪತ್ತಕ್ಕಿಂತ ಹೆಚ್ಚು ರೂಪಾಯಿ ಬರೀ ಬಡ್ಡಿಗೆ ಹೋಯಿತು. ತೆರಿಗೆ ಇಳಿಸಿದ ಮೂರೇ ತಿಂಗಳಲ್ಲಿ ಕೋವಿಡ್ ಬಂದದ್ದು ನಿಜ, ಅದನ್ನು ಯಾರೂ ಮುಂಗಾಣುವಂತಿರಲಿಲ್ಲ. ಆದರೆ ಸಾಲಗಾರನ ಮನೆಗೆ ಕಷ್ಟ ಬಂದಾಗ ಸಾಹುಕಾರ ನೋಡುವುದು ಅವನ ಕಷ್ಟವನ್ನಲ್ಲ, ಅವನ ದುಡಿಮೆಯನ್ನು. ದುಡಿಮೆಯನ್ನು ತಾನಾಗಿ ಬಿಟ್ಟುಕೊಟ್ಟ ಸರ್ಕಾರಕ್ಕೆ ಸಾಲ ತೀರಿಸುವ ಶಕ್ತಿಯನ್ನು ಅಳೆಯುವ ಜಾಗತಿಕ ಶ್ರೇಯಾಂಕ ಸಂಸ್ಥೆಗಳು 2020ರ ಕೊನೆಯ ಹೊತ್ತಿಗೆ ಅತ್ಯಂತ ಕೆಳಗಿನ ದರ್ಜೆಗಳಲ್ಲೊಂದನ್ನು ಕೊಟ್ಟವು. ಅಲ್ಲಿಂದ ಮುಂದೆ ಹೊಸ ಬಾಂಡ್ ಮಾರುವ ದಾರಿ ಮುಚ್ಚಿತು, ಹಳೆಯ ಬಾಂಡುಗಳ ಗಡುವು ಮಾತ್ರ ತಪ್ಪದೆ ಬರುತ್ತಲೇ ಇತ್ತು.

ಉಳಿದ ದಾರಿ ಒಂದೇ, ಮೀಸಲು ಡಾಲರನ್ನು ತೆಗೆದು ತೀರಿಸುವುದು. 2019ರ ಅಂತ್ಯಕ್ಕೆ 760 ಕೋಟಿ ಡಾಲರ್ ಇದ್ದ ವಿದೇಶಿ ವಿನಿಮಯ ಮೀಸಲು 2022ರ ಮಾರ್ಚಿಗೆ 200 ಕೋಟಿಗಿಂತ ಕೆಳಗಿಳಿದಿತ್ತು, ಅದರಲ್ಲೂ ಕೈಗೆತ್ತಿ ಖರ್ಚು ಮಾಡಬಹುದಾದದ್ದು ತೀರ ಅಲ್ಪ. ಇಷ್ಟಾದರೂ 2022ರ ಜನವರಿ 18ರಂದು ಗಡುವು ಮುಗಿದ 50 ಕೋಟಿ ಡಾಲರಿನ ಬಾಂಡನ್ನು ಸರ್ಕಾರ ಪೂರ್ತಿ ತೀರಿಸಿತು. ಆ ಹೊತ್ತಿಗಾಗಲೇ ಹಾಲಿನ ಪುಡಿಗೆ, ಅಡುಗೆ ಅನಿಲಕ್ಕೆ ಜನ ಸರದಿಯಲ್ಲಿ ನಿಂತಿದ್ದರು. ಎರಡು ತಿಂಗಳ ನಂತರ ಕಾಗದವಿಲ್ಲದೆ ಪಶ್ಚಿಮ ಪ್ರಾಂತದ ಶಾಲಾ ಪರೀಕ್ಷೆಗಳನ್ನು ಮುಂದೂಡಬೇಕಾಯಿತು. ನೀವು ನೋಡಿದ ಆ ಬಿಳಿ ಸಮವಸ್ತ್ರದ ಮಕ್ಕಳ ಪ್ರಶ್ನೆಪತ್ರಿಕೆಗೆ ಬೇಕಾದ ಕಾಗದ ಮತ್ತು ಶಾಯಿಗೆ ಡಾಲರ್ ಇರಲಿಲ್ಲ. ಜನವರಿಯ ಆ 50 ಕೋಟಿಯನ್ನು ತಡೆದು, ಸಾಲ ಕೊಟ್ಟವರನ್ನು ಆಗಲೇ ಮಾತುಕತೆಗೆ ಕರೆದಿದ್ದರೆ ಇಂಧನಕ್ಕೂ ಔಷಧಕ್ಕೂ ಕೆಲವು ತಿಂಗಳ ಉಸಿರು ಸಿಗುತ್ತಿತ್ತು. ಮಾನ ಉಳಿಸಿಕೊಳ್ಳಲು ಕಟ್ಟಿದ ಆ ಹಣವನ್ನು ನೆನೆದರೆ ನನಗೆ ಇಂದಿಗೂ ಸಂಕಟವಾಗುತ್ತದೆ.

ಡಾಲರ್ ಒಳಗೆ ಬರುವುದನ್ನೂ ಸರ್ಕಾರವೇ ತಡೆಯಿತು ಎಂದರೆ ನೀವು ನಂಬಲಿಕ್ಕಿಲ್ಲ, ಆದರೆ ನಡೆದದ್ದು ಹಾಗೆಯೇ. ಒಂದು ಡಾಲರಿಗೆ ಸುಮಾರು 200 ರೂಪಾಯಿ ಎಂಬ ದರವನ್ನು ಕೇಂದ್ರ ಬ್ಯಾಂಕ್ ಹಿಡಿದಿಟ್ಟಿತ್ತು, ಹೊರಗೆ ಕಳ್ಳಪೇಟೆಯಲ್ಲಿ ಅದಕ್ಕಿಂತ ಬಹಳ ಹೆಚ್ಚು ಸಿಗುತ್ತಿತ್ತು. ದುಬೈಯಲ್ಲೋ ಕುವೈತಿನಲ್ಲೋ ದುಡಿಯುವ ಹೆಣ್ಣುಮಗಳು ಬ್ಯಾಂಕಿನ ಮೂಲಕ ಕಳಿಸಿದರೆ ಮನೆಗೆ ತಲುಪುವುದು ಕಡಿಮೆ, ಮಧ್ಯವರ್ತಿಯ ಮೂಲಕ ಕಳಿಸಿದರೆ ಹೆಚ್ಚು. ಅಲ್ಲಿಯ ತಮಿಳಿನಲ್ಲಿ ಈ ಪದ್ಧತಿಗೆ ‘ಉಂಡಿಯಲ್’ ಎನ್ನುತ್ತಾರೆ. ನಮ್ಮ ಕರಾವಳಿಯಿಂದ ಕೊಲ್ಲಿಗೆ ಹೋದವರ ಮನೆಗಳಲ್ಲಿ ‘ಹುಂಡಿ’ ಎಂಬ ಮಾತು ಕೇಳದವರು ಯಾರಿದ್ದಾರೆ? 2020ರಲ್ಲಿ ಸುಮಾರು 710 ಕೋಟಿ ಡಾಲರ್ ಬ್ಯಾಂಕುಗಳ ಮೂಲಕ ಬಂದಿತ್ತು, 2021ರಲ್ಲಿ ಅದು 550 ಕೋಟಿಗೆ ಇಳಿಯಿತು. ದುಡಿಯುವವರು ಕಳಿಸುವುದನ್ನು ನಿಲ್ಲಿಸಿರಲಿಲ್ಲ, ಹಣ ದೇಶದ ಲೆಕ್ಕಕ್ಕೆ ಬರದೆ ಬೇರೆ ದಾರಿ ಹಿಡಿದಿತ್ತು. 2022ರ ಮಾರ್ಚಿನಲ್ಲಿ ಕೊನೆಗೂ ದರದ ಹಿಡಿತ ಬಿಟ್ಟಾಗ ರೂಪಾಯಿ ಎರಡೇ ತಿಂಗಳಲ್ಲಿ 360ರ ಆಸುಪಾಸಿಗೆ ಬಿದ್ದಿತು. ವರ್ಷದ ಹಿಂದೆ ಮೆಲ್ಲನೆ ಇಳಿಯಲು ಬಿಟ್ಟಿದ್ದರೆ ಅದು ಅಷ್ಟು ಆಳಕ್ಕೆ ಬೀಳುತ್ತಿರಲಿಲ್ಲ.

ಈಗ ನೋಟು ಅಚ್ಚು ಹಾಕುವ ಮಾತಿಗೆ ಮರಳುತ್ತೇನೆ. ತೆರಿಗೆ ಕುಸಿದಾಗ ಸಂಬಳ, ಪಿಂಚಣಿ, ದೇಶದೊಳಗಿನ ಬಡ್ಡಿ ಇವನ್ನೆಲ್ಲ ರೂಪಾಯಿಯಲ್ಲೇ ಕೊಡಬೇಕಿತ್ತು, ಅದನ್ನು ಕೊಲಂಬೊದ ಕೇಂದ್ರ ಬ್ಯಾಂಕ್ ಒದಗಿಸಿತು. ಸರ್ಕಾರದ ಸಾಲಪತ್ರಗಳನ್ನು ಅದು ತಾನೇ ಕೊಂಡು ಹೊಸ ಹಣ ಸೃಷ್ಟಿಸಿತು; 2019ರ ಕೊನೆಯಲ್ಲಿ ಅದರ ಬಳಿ ಇದ್ದ ಇಂಥ ಪತ್ರಗಳ ಮೊತ್ತ ಎರಡು ವರ್ಷಗಳಲ್ಲಿ ಹತ್ತು ಪಟ್ಟಿಗೂ ಮೀರಿ ಬೆಳೆಯಿತು. ನಿಮ್ಮ ಹೋಟೆಲಿನಲ್ಲಿ ನೂರು ಊಟಕ್ಕೆ ಇನ್ನೂರು ಕೂಪನ್ ಹಂಚಿದರೆ ಏನಾಗುತ್ತದೆಯೋ ಅದೇ ಆಯಿತು. 2022ರ ಸೆಪ್ಟೆಂಬರಿನಲ್ಲಿ ಕೊಲಂಬೊದ ಬೆಲೆ ಸೂಚ್ಯಂಕ ಹಿಂದಿನ ವರ್ಷಕ್ಕಿಂತ ಸುಮಾರು ಶೇ. 70ರಷ್ಟು ಮೇಲಿತ್ತು, ಆಹಾರದ ಬೆಲೆಗಳು ಶೇ. 95ರಷ್ಟು. ಸರ್ಕಾರ 2019ರಲ್ಲಿ ಬಿಟ್ಟುಕೊಟ್ಟ ತೆರಿಗೆ 2022ರಲ್ಲಿ ಬೆಲೆಯೇರಿಕೆಯ ರೂಪದಲ್ಲಿ ವಸೂಲಾಯಿತು. 30 ಕೋಟಿ ವಹಿವಾಟಿನ ವ್ಯಾಪಾರಿಗೆ ಬಿಟ್ಟ ತೆರಿಗೆಯನ್ನು ದಿನಗೂಲಿಯವನು ಅಕ್ಕಿಯ ಅಂಗಡಿಯಲ್ಲಿ ಕಟ್ಟಿದ.

ನಿಮ್ಮ ಗಲ್ಲಾದ ಮುಂದಿನ ವಾದಗಳಿಗೆ ಬರೋಣ. ಚೀನಾದ ಸಾಲ ದೊಡ್ಡದೇ, ಸರ್ಕಾರದ ವಿದೇಶಿ ಸಾಲದಲ್ಲಿ ಐದನೆಯ ಒಂದು ಭಾಗದ ಆಸುಪಾಸು. ಆದರೆ ಮೂರನೆಯ ಒಂದು ಭಾಗಕ್ಕೂ ಹೆಚ್ಚು ನಾನು ಮೇಲೆ ಹೇಳಿದ ಬಾಂಡುಗಳದ್ದು. ಹಂಬನ್‌ತೋಟ ಬಂದರನ್ನು 2017ರಲ್ಲಿ 99 ವರ್ಷಗಳ ಗುತ್ತಿಗೆಗೆ ಕೊಟ್ಟದ್ದು ಸಾಲ ತೀರಿಸಲಾಗದೆ ಎಂದು ಎಲ್ಲರೂ ಹೇಳುತ್ತಾರೆ. ಗುತ್ತಿಗೆಯಿಂದ ಬಂದ 112 ಕೋಟಿ ಡಾಲರಿನಿಂದ ಬಂದರಿನ ಸಾಲ ತೀರಲಿಲ್ಲ, ಅದು ವಿದೇಶಿ ವಿನಿಮಯ ಮೀಸಲಿಗೆ ಸೇರಿತು, ಚೀನಾದ ಸಾಲ ಹಾಗೆಯೇ ಉಳಿಯಿತು. ಅಷ್ಟು ದೊಡ್ಡ ಬಂದರನ್ನು ಆದಾಯದ ಲೆಕ್ಕ ಹಾಕದೆ ಕಟ್ಟಿದ್ದು ತಪ್ಪು, ದಿವಾಳಿಗೆ ಅದೊಂದೇ ಕಾರಣವಲ್ಲ.

ಸಾವಯವದ ವಿಷಯ: 2021ರ ಏಪ್ರಿಲ್-ಮೇನಲ್ಲಿ ರಾಸಾಯನಿಕ ಗೊಬ್ಬರದ ಆಮದನ್ನು ಹಠಾತ್ತನೆ ನಿಷೇಧಿಸಿ, ರೈತರು ಪ್ರತಿಭಟಿಸಿದ ಮೇಲೆ ನವೆಂಬರಿನಲ್ಲಿ ನಿಷೇಧವನ್ನು ಹಿಂದೆಗೆದುಕೊಂಡರು, ಆದರೂ ಭತ್ತದ ಫಸಲು ಕುಸಿಯಿತು. ಗೊಬ್ಬರಕ್ಕೆ ಹೋಗುವ ಡಾಲರ್ ಉಳಿಸುವ ಆಸೆಯೂ ಅದರ ಹಿಂದೆ ಇತ್ತು. ಕೊನೆಗೆ ಅಕ್ಕಿಯನ್ನೇ ಡಾಲರ್ ಕೊಟ್ಟು ತರಿಸಬೇಕಾಯಿತು. ಉರಿಯುವ ಮನೆಗೆ ಅದು ಎಣ್ಣೆ ಸುರಿಯಿತು. ಬೆಂಕಿ ಅದಕ್ಕೂ ಮೊದಲೇ ಹತ್ತಿತ್ತು.

2022ರ ಏಪ್ರಿಲ್ 12ರಂದು ವಿದೇಶಿ ಸಾಲದ ಪಾವತಿಯನ್ನು ನಿಲ್ಲಿಸುವುದಾಗಿ ಸರ್ಕಾರ ಘೋಷಿಸಿತು. ಜುಲೈಯಲ್ಲಿ ಜನ ಅಧ್ಯಕ್ಷರ ನಿವಾಸಕ್ಕೆ ನುಗ್ಗಿದರು, ಅಧ್ಯಕ್ಷರು ದೇಶ ಬಿಟ್ಟರು. ಆ ವರ್ಷ ಸಾಲದ ರೂಪದಲ್ಲಿ, ಮುಂದೂಡಿದ ಪಾವತಿಗಳ ರೂಪದಲ್ಲಿ ಸುಮಾರು 400 ಕೋಟಿ ಡಾಲರಿನ ನೆರವು ಕೊಟ್ಟು ಇಂಧನ, ಔಷಧಗಳನ್ನು ಹಡಗಿಗೆ ಏರಿಸಿದ್ದು ಭಾರತ. ನೆರೆಮನೆಯವರು ಮಾಡಬೇಕಾದ ಕೆಲಸವನ್ನು ನಾವು ಮಾಡಿದೆವು ಎಂಬ ತೃಪ್ತಿ ನನಗಿದೆ. 2023ರ ಮಾರ್ಚಿನಲ್ಲಿ ಹಣಕಾಸು ನಿಧಿ ಸುಮಾರು 300 ಕೋಟಿ ಡಾಲರಿನ ಸಾಲ ಮಂಜೂರು ಮಾಡಿತು. ಮೌಲ್ಯವರ್ಧಿತ ತೆರಿಗೆ 2024ರ ಜನವರಿಯಲ್ಲಿ ಶೇ. 18ಕ್ಕೆ ಏರಿತು, ಇಳಿಸುವ ಮೊದಲು ಇದ್ದದ್ದಕ್ಕಿಂತಲೂ ಹೆಚ್ಚು.

ನಷ್ಟ ಹೊತ್ತವರು ಯಾರೆಂಬುದನ್ನು ಮಾತ್ರ ಬೇಗ ದಾಟಿ ಹೋಗಲು ನನಗೆ ಮನಸ್ಸಿಲ್ಲ. ವಿದೇಶಿ ಬಾಂಡುದಾರರೊಂದಿಗಿನ ಮರುಹೊಂದಾಣಿಕೆ ಮುಗಿಯಲು 2024ರ ಡಿಸೆಂಬರಿನ ತನಕ ಕಾಯಬೇಕಾಯಿತು. ದೇಶದೊಳಗಿನ ಸಾಲದ ಮರುಹೊಂದಾಣಿಕೆ 2023ರಲ್ಲೇ ಮುಗಿಯಿತು. ಆಗ ಬ್ಯಾಂಕುಗಳನ್ನು ಅದರಿಂದ ಹೊರಗಿಟ್ಟು, ನೌಕರರ ಭವಿಷ್ಯ ನಿಧಿಯ ಮುಂದೆ ಎರಡು ದಾರಿ ಇಡಲಾಯಿತು: ಒಂದೋ ಹಳೆಯ ಸಾಲಪತ್ರಗಳನ್ನು ಕಡಿಮೆ ಬಡ್ಡಿಯ ಹೊಸ ಪತ್ರಗಳಿಗೆ ಬದಲಾಯಿಸಿಕೊಳ್ಳಬೇಕು, ಇಲ್ಲವೇ ಆದಾಯದ ಮೇಲಿನ ತೆರಿಗೆಯನ್ನು ಶೇ. 14ರ ಬದಲು ಶೇ. 30ರಂತೆ ಕಟ್ಟಬೇಕು. ನಿಧಿ ಮೊದಲನೆಯದನ್ನು ಒಪ್ಪಿತು. ಗಾರ್ಮೆಂಟ್ ಕಾರ್ಖಾನೆಯಲ್ಲಿ ಇಪ್ಪತ್ತು ವರ್ಷ ಹೊಲಿಗೆ ಯಂತ್ರದ ಮುಂದೆ ಕುಳಿತವಳ ಇಳಿವಯಸ್ಸಿನ ಹಣ ಅದು. ಬಡ್ಡಿ ಇಳಿಯುವ ಮೊದಲೇ ಬೆಲೆಯೇರಿಕೆ ಅದರ ಅರ್ಧದಷ್ಟು ಬೆಲೆಯನ್ನು ತಿಂದಿತ್ತು. ವಿಶ್ವಬ್ಯಾಂಕಿನ ಅಂದಾಜಿನಂತೆ ಬಡವರ ಪ್ರಮಾಣ 2021ರಲ್ಲಿ ಶೇ. 13 ಇದ್ದದ್ದು 2022ರಲ್ಲಿ ಶೇ. 25ಕ್ಕೆ ಏರಿತು. ಅರ್ಥವ್ಯವಸ್ಥೆ ಈಗ ಮತ್ತೆ ಬೆಳೆಯುತ್ತಿದೆ, 2024ರಲ್ಲಿ ಶೇ. 5ರಷ್ಟು. ಬಡತನಕ್ಕೆ ಜಾರಿದವರು ಅದೇ ವೇಗದಲ್ಲಿ ಮೇಲೆ ಬರುವುದಿಲ್ಲ.

ಇನ್ನು ನಮ್ಮ ಮಾತು. ಡಾಲರ್ ಇಲ್ಲದ ದೇಶ ಹೇಗಿರುತ್ತದೆ ಎಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ. 1991ರಲ್ಲಿ ಮುಂಬಯಿಯ ಫೋರ್ಟಿನ ಬ್ಯಾಂಕೊಂದರ ವಿದೇಶಿ ವಿನಿಮಯ ವಿಭಾಗದಲ್ಲಿ ನಾನು ಕೆಲಸ ಮಾಡುತ್ತಿದ್ದೆ. ಮಸ್ಜಿದ್ ಬಂದರಿನಿಂದ ಬಣ್ಣದ ರಾಸಾಯನಿಕಗಳ ಆಮದುದಾರರೊಬ್ಬರು ಬರುತ್ತಿದ್ದರು, ಹತ್ತು ವರ್ಷಗಳ ಗಿರಾಕಿ. ಆ ಬೇಸಿಗೆಯಲ್ಲಿ ಆಮದಿನ ಸಾಖಪತ್ರ (ಮಾಲು ಕಳಿಸುವವನಿಗೆ ಹಣ ಸಿಗುತ್ತದೆಂದು ಬ್ಯಾಂಕ್ ಕೊಡುವ ಭರವಸೆಯ ಪತ್ರ) ತೆರೆಯಬೇಕಾದರೆ ಸರಕಿನ ಬೆಲೆಯ ಶೇ. 200ರಷ್ಟು ನಗದನ್ನು ಮೊದಲೇ ಠೇವಣಿ ಇಡಬೇಕೆಂದು ರಿಸರ್ವ್ ಬ್ಯಾಂಕ್ ನಿಯಮ ಮಾಡಿತ್ತು. ಒಂದು ಲಕ್ಷದ ಮಾಲು ತರಿಸಲು ಎರಡು ಲಕ್ಷ ನಗದು. ಅವರು ಸುತ್ತೋಲೆಯನ್ನು ಎರಡು ಸಲ ಓದಿ, ಚಹಾ ಮುಟ್ಟದೆ, ಕಾಗದಗಳನ್ನು ಚೀಲಕ್ಕೆ ಹಾಕಿಕೊಂಡು ಎದ್ದುಹೋದರು. ಆಮದನ್ನು ಹೀಗೆ ಹಿಸುಕಿದ ಮೇಲೂ ದೇಶದ ಮೀಸಲು ಎರಡು-ಮೂರು ವಾರಗಳ ಆಮದಿಗಷ್ಟೇ ಸಾಕಾಗುವಂತಿತ್ತು. ಮೇ ತಿಂಗಳಲ್ಲಿ 20 ಟನ್ ಚಿನ್ನ, ಜುಲೈಯಲ್ಲಿ ಸುಮಾರು 47 ಟನ್ ಚಿನ್ನ ಈ ದೇಶದಿಂದ ಹೊರಗೆ ಹೋಯಿತು. ಜುಲೈಯ ಚಿನ್ನ ಬ್ಯಾಂಕ್ ಆಫ್ ಇಂಗ್ಲೆಂಡಿನಲ್ಲಿ ಮತ್ತು ಬ್ಯಾಂಕ್ ಆಫ್ ಜಪಾನಿನಲ್ಲಿ ಅಡವು, ಸಿಕ್ಕಿದ್ದು ಸುಮಾರು 40 ಕೋಟಿ ಡಾಲರ್. ರಿಸರ್ವ್ ಬ್ಯಾಂಕಿನ ಭಂಡಾರದಿಂದ ವಿಮಾನ ನಿಲ್ದಾಣಕ್ಕೆ ಅದು ಸಾಗಿದ್ದು ನಾವು ದಿನವೂ ಓಡಾಡುವ ಇದೇ ಊರಿನ ರಸ್ತೆಗಳಲ್ಲಿ. ಆಗಲೂ ಭಾರತ ಒಂದೇ ಒಂದು ಕಂತನ್ನೂ ತಪ್ಪಿಸಲಿಲ್ಲ.

ಅಂದಿಗೂ ಇಂದಿಗೂ ಏನು ವ್ಯತ್ಯಾಸವಾಗಿದೆ? ಮೀಸಲು ಈಗ 60,000 ಕೋಟಿ ಡಾಲರಿಗಿಂತ ಹೆಚ್ಚಿದೆ. 1997ರ ಏಪ್ರಿಲಿನಿಂದ ಸರ್ಕಾರ ತನಗೆ ಬೇಕೆನಿಸಿದಾಗ ರಿಸರ್ವ್ ಬ್ಯಾಂಕಿನಿಂದ ತಾತ್ಕಾಲಿಕ ಖಜಾನೆ ಪತ್ರಗಳ ಮೇಲೆ ಹಣ ತೆಗೆಯುವ ಪದ್ಧತಿ ನಿಂತಿದೆ. ವಿತ್ತೀಯ ಹೊಣೆಗಾರಿಕೆಯ 2003ರ ಕಾಯ್ದೆಯ ಪ್ರಕಾರ 2006ರಿಂದ ರಿಸರ್ವ್ ಬ್ಯಾಂಕ್ ಸರ್ಕಾರದ ಸಾಲಪತ್ರಗಳನ್ನು ಅಸಾಧಾರಣ ಸಂದರ್ಭವಿಲ್ಲದೆ ನೇರವಾಗಿ ಸರ್ಕಾರದಿಂದ ಕೊಳ್ಳುವಂತಿಲ್ಲ. ಶ್ರೀಲಂಕೆ ಇಂಥ ನಿರ್ಬಂಧವನ್ನು ಕಾನೂನಾಗಿ ತಂದದ್ದು 2023ರಲ್ಲಿ, ಎಲ್ಲ ಮುಗಿದ ಮೇಲೆ. ಎಲ್ಲಕ್ಕಿಂತ ಮುಖ್ಯವಾಗಿ, ಭಾರತ ಸರ್ಕಾರ ಡಾಲರ್ ಬಾಂಡನ್ನು ಹೊರದೇಶದ ಮಾರುಕಟ್ಟೆಯಲ್ಲಿ ಇಂದಿನವರೆಗೆ ಮಾರಿಲ್ಲ. 2019ರ ಜುಲೈಯ ಬಜೆಟ್ಟಿನಲ್ಲಿ ಅಂಥ ಪ್ರಸ್ತಾವ ಬಂದಿತ್ತು, ರಿಸರ್ವ್ ಬ್ಯಾಂಕಿನ ಹಿಂದಿನ ಗವರ್ನರುಗಳೇ ಎಚ್ಚರಿಸಿದ ಮೇಲೆ ಕೈಬಿಟ್ಟರು. ಅದು ಬಹಳ ಒಳ್ಳೆಯ ನಿರ್ಧಾರವೆಂದು ನಾನು ಭಾವಿಸುತ್ತೇನೆ. ಕೇಂದ್ರದ ಸಾಲದಲ್ಲಿ ವಿದೇಶಿ ಪಾಲು ನೂರರಲ್ಲಿ ಐದರ ಆಸುಪಾಸು, ಅದೂ ಬಹುಮಟ್ಟಿಗೆ ದೀರ್ಘಾವಧಿಯದು. ಉಳಿದದ್ದು ರೂಪಾಯಿಯಲ್ಲಿದೆ, ಕೊಟ್ಟವರು ನಮ್ಮದೇ ಬ್ಯಾಂಕುಗಳು, ಜೀವ ವಿಮೆ, ಭವಿಷ್ಯ ನಿಧಿ.

ಇಲ್ಲಿ ಒಂದು ಸಂಗತಿ ಗಮನಿಸಿ. ರಾಷ್ಟ್ರೀಯ ವರಮಾನಕ್ಕೆ ಹೋಲಿಸಿದರೆ ಕೇಂದ್ರ ಮತ್ತು ರಾಜ್ಯಗಳು ಸೇರಿ ನಮ್ಮ ಸಾಲ ನೂರಕ್ಕೆ ಎಂಬತ್ತರ ಆಸುಪಾಸಿದೆ, 2019ರಲ್ಲಿ ಶ್ರೀಲಂಕೆಯ ಸಾಲವೂ ಹೆಚ್ಚುಕಡಿಮೆ ಅಷ್ಟೇ ಇತ್ತು. ಜಪಾನಿನದು ಇನ್ನೂರನ್ನು ದಾಟಿದೆ. ಮೊತ್ತ ಒಂದನ್ನೇ ನೋಡಿ ದಿವಾಳಿಯನ್ನು ಊಹಿಸಲಾಗದು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯ ಬೇಕಿಲ್ಲ. ಹಾಗೆಂದು ರೂಪಾಯಿ ಸಾಲ ಭಾರವಿಲ್ಲದ್ದು ಎಂದಲ್ಲ. 2025-26ರ ಕೇಂದ್ರ ಬಜೆಟ್ಟಿನಲ್ಲಿ 50.65 ಲಕ್ಷ ಕೋಟಿ ವೆಚ್ಚದ ಪೈಕಿ 12.76 ಲಕ್ಷ ಕೋಟಿ ಬಡ್ಡಿಗೇ ಇಡಲಾಗಿದೆ, ಎಂದರೆ ಖರ್ಚಿನ ಪ್ರತಿ ನಾಲ್ಕು ರೂಪಾಯಿಯಲ್ಲಿ ಒಂದು. ಅದೇ ಹಣದಲ್ಲಿ ಎಷ್ಟು ಆಸ್ಪತ್ರೆಗಳಾಗುತ್ತಿದ್ದವು ಎಂದು ನಾನು ಪ್ರತಿ ಫೆಬ್ರವರಿಯಲ್ಲೂ ಲೆಕ್ಕ ಹಾಕುತ್ತೇನೆ. ನಮಗೆ ಬರಬಹುದಾದ ಕಷ್ಟ ಈ ಬಗೆಯದು: ಪಾವತಿ ನಿಲ್ಲುವ ದಿವಾಳಿಯಲ್ಲ, ಒಳ್ಳೆಯ ಕೆಲಸಗಳಿಗೆ ಹಣ ಸಾಲದೆ ಹೋಗುವ ಕೊರತೆ.

ರಾಜ್ಯಗಳ ಮಾತು ಬೇರೆ. ಯಾವ ರಾಜ್ಯವೂ ಹೊರದೇಶದ ಮಾರುಕಟ್ಟೆಯಲ್ಲಿ ತಾನಾಗಿ ಸಾಲ ಎತ್ತುವಂತಿಲ್ಲ. ಕೇಂದ್ರದ ಸಾಲ ಬಾಕಿ ಇರುವ ರಾಜ್ಯ ದೇಶದೊಳಗೆ ಸಾಲ ಮಾಡಲೂ ಸಂವಿಧಾನದ 293ನೆಯ ವಿಧಿಯಂತೆ ಕೇಂದ್ರದ ಒಪ್ಪಿಗೆ ಬೇಕು. ಆದ್ದರಿಂದ ಮಹಾರಾಷ್ಟ್ರವಾಗಲಿ ಕರ್ನಾಟಕವಾಗಲಿ ಶ್ರೀಲಂಕೆಯಾಗುವ ಪ್ರಶ್ನೆ ಏಳುವುದಿಲ್ಲ. ಲಾಡ್ಕಿ ಬಹೀಣ್ ಯೋಜನೆಯಲ್ಲಿ ತಿಂಗಳಿಗೆ 1,500 ರೂಪಾಯಿ, ಗೃಹಲಕ್ಷ್ಮಿಯಲ್ಲಿ 2,000. ಬಡ ಹೆಂಗಸಿನ ಕೈಗೆ ಹೋದ ಈ ಹಣ ಪೋಲಾಯಿತೆಂದು ನಾನು ಹೇಳಲಾರೆ. ಅದು ರೇಷನ್ ಅಂಗಡಿಗೆ, ಮಗುವಿನ ಟ್ಯೂಷನ್ನಿಗೆ, ಬಹುಶಃ ನಿಮ್ಮ ಹೋಟೆಲಿನ ಗಲ್ಲಾಕ್ಕೂ ಬರುತ್ತದೆ. ಕೇಳಬೇಕಾದ ಪ್ರಶ್ನೆ ಅದನ್ನು ಯಾವ ತೆರಿಗೆಯಿಂದ ಭರಿಸುತ್ತಾರೆ ಎಂಬುದು. ಮಹಾರಾಷ್ಟ್ರದ 2025-26ರ ಬಜೆಟ್ಟಿನಲ್ಲಿ ಈ ಒಂದು ಯೋಜನೆಗೆ 36,000 ಕೋಟಿ ಇಟ್ಟಿದ್ದಾರೆ. ಅಷ್ಟು ಹೊಸ ಆದಾಯ ಹುಡುಕದಿದ್ದರೆ ಅದು ರಸ್ತೆ, ನೀರಾವರಿ, ಗುತ್ತಿಗೆದಾರರ ಬಾಕಿ ಇವುಗಳ ಮೇಲೆ ಬೀಳುತ್ತದೆ, ಉಳಿದದ್ದು ಸಾಲದ ಪುಸ್ತಕಕ್ಕೆ ಹೋಗುತ್ತದೆ. ಶ್ರೀಲಂಕೆಯನ್ನು ನೋಡಿ ಹೆದರಬೇಕಾದದ್ದು ಬಡವರಿಗೆ ಕೊಟ್ಟ ಹಣದ ಬಗ್ಗೆಯಲ್ಲ, ಉಳ್ಳವರಿಂದ ವಸೂಲಿ ಮಾಡದೆ ಬಿಟ್ಟ ಹಣದ ಬಗ್ಗೆ. ನಾಳೆ ಯಾವ ಪಕ್ಷವಾದರೂ ಚುನಾವಣೆಯ ಮುನ್ನ ಭಾರಿ ತೆರಿಗೆ ಕಡಿತ ಘೋಷಿಸಿದರೆ, ಅದರ ಬದಲಿಗೆ ಬರುವ ಆದಾಯ ಯಾವುದು ಎಂದು ನಿಮ್ಮ ಗಲ್ಲಾದ ಮುಂದಿನ ಸಭೆಯಲ್ಲಿ ತಪ್ಪದೆ ಕೇಳಿ.

ನಿಮ್ಮ ಮಗನ ಹಟದ ಬಗ್ಗೆ ಎರಡು ಮಾತು. ಶ್ರೀಲಂಕೆಯಲ್ಲಿ ಕೂಡ ಬ್ಯಾಂಕ್ ಠೇವಣಿದಾರರಿಗೆ ರೂಪಾಯಿ ಕೊಡುವುದು ನಿಲ್ಲಲಿಲ್ಲ, ರೂಪಾಯಿಯ ಬೆಲೆ ಕುಸಿಯಿತು. ಉಳಿತಾಯದ ಒಂದು ಪಾಲು, ಹತ್ತರಲ್ಲಿ ಒಂದೋ ಒಂದೂವರೆಯೋ, ಚಿನ್ನದಲ್ಲಿ ಇದ್ದರೆ ಅಂಥ ಕುಸಿತಕ್ಕೆ ಅದು ಆಸರೆಯಾದೀತು. ಎಲ್ಲ ಠೇವಣಿಯನ್ನು ಮುರಿಸಿ ಇಂದಿನ ಏರಿದ ದರದಲ್ಲಿ ಚಿನ್ನ ಕೊಳ್ಳುವುದಕ್ಕೆ ಕಾರಣ ನನಗೆ ಕಾಣುವುದಿಲ್ಲ. ಹೋಟೆಲಿನ ಗಲ್ಲಾ ನಡೆಸುವವರಿಗೆ ಕೈಗೆಟಕುವ ನಗದು ಬೇಕು, ಅಡುಗೆಯವನ ಸಂಬಳವನ್ನು ಬಳೆಯಲ್ಲಿ ಕೊಡಲಾಗದು. ಠೇವಣಿ ಸಹಕಾರಿ ಬ್ಯಾಂಕಿನಲ್ಲಿದ್ದರೆ ಒಂದೇ ಬ್ಯಾಂಕಿನಲ್ಲಿ ಒಬ್ಬರ ಹೆಸರಿನಲ್ಲಿ ಬಡ್ಡಿ ಸೇರಿ 5 ಲಕ್ಷ ರೂಪಾಯಿ ಮೀರದಂತೆ ಇಡಿ. 2020ರ ಫೆಬ್ರವರಿಯಿಂದ ಠೇವಣಿ ವಿಮೆಯ ರಕ್ಷಣೆ ಇರುವುದು ಅಷ್ಟಕ್ಕೇ. ಮಗ ಈ ಲೆಕ್ಕವನ್ನು ಮೊದಲು ಮಾಡಲಿ, ನಿಮ್ಮ ಎಲ್ಲ ಠೇವಣಿ ರಸೀದಿಗಳನ್ನೂ ಮೇಜಿನ ಮೇಲೆ ಹರಡಿಕೊಂಡು, ಬ್ಯಾಂಕಿನ ಹೆಸರುಗಳ ಪ್ರಕಾರ ಬೇರೆ ಬೇರೆ ಮಾಡಿ.